ನಾನು ಸೇರಿಸಿ ಹೇಳಿದ ಮಾತು

ನನ್ನ ಎಡಗಾಲು ಯುದ್ಧದಲ್ಲಿ ಹೋಯಿತು, ಗಂಟಲು ಮಾತ್ರ ಗಟ್ಟಿಯಾಗಿ ವಾಪಸು ಬಂತು. ಅದೇ ಗಂಟಲಿನಿಂದ ಮುಂದೆ ಮೂವತ್ತು ವರ್ಷ ರೇಡಿಯೋದ ಅನ್ನ ತಿಂದೆ. ಎಂಬತ್ತು ದಾಟಿರುವ ಈಗಲೂ ಯಾರಾದರೂ ಬಂದು, 'ಏನ್ ಧ್ವನಿರೀ ನಿಮ್ದು' ಎಂದು ಹೊಗಳಿದರೆ ನನಗೆ ಸಿಟ್ಟು ಬರುತ್ತದೆ. ಆ ಧ್ವನಿ ಮಾಡಿದ ಕೆಲಸ ಅವರಿಗೆ ಗೊತ್ತಿಲ್ಲ.

ನಮ್ಮದು ಹಾನಗಲ್ಲ ತಾಲೂಕಿನ ತಿಳವಳ್ಳಿ. ಮೂವತ್ತರ ದಶಕದಲ್ಲಿ ಭತ್ತದ ಗದ್ದೆಗೆ ಗಿಳಿಗಳು ಇಳಿದರೆ ನಾನೊಂದು ಕೂಗು ಹಾಕುತ್ತಿದ್ದೆ. ಮೂರು ಹೊಲದಾಚೆಯ ಗಿಳಿಗಳೂ ಏಳುತ್ತಿದ್ದವು. ಪಕ್ಕದ ಮನೆಯ ಗೆಳೆಯನದು ಕಡಿಮೆ ಮಾತು. ನಾನು ಕೂಗಿದರೆ ಅವನು ಸುಮ್ಮನೆ ಕವಣೆ ಬೀಸುತ್ತಿದ್ದ. ಎರಡನೇ ಮಹಾಯುದ್ಧ ಹತ್ತಿದಾಗ ಇಬ್ಬರೂ ಒಂದೇ ದಿನ ಪಲ್ಟಣ ಸೇರಿದೆವು. ಅವನಿಗೆ ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು, ಶಿಗ್ಗಾಂವಿಯ ಹುಡುಗಿ. ಮನೆಯಲ್ಲಿ ಅವಳು, ಅವನ ವಿಧವೆ ತಾಯಿ, ಒಂದು ಎಮ್ಮೆ.

ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಓದು ಬರದ ನಮ್ಮ ಕಡೆಯ ಜವಾನರಿಗೆ ಅವರವರ ಪತ್ರ ಓದಿ ಹೇಳುತ್ತಿದ್ದೆ. ಸಣ್ಣ ದನಿ ನನಗೆ ಬಾರದು. ಒಬ್ಬನ ಪತ್ರ ವಾರ್ಡಿಗೆಲ್ಲ ಕೇಳುತ್ತಿತ್ತು. ಅದು ಒಬ್ಬ ಅಧಿಕಾರಿಯ ಕಿವಿಗೂ ಬಿತ್ತು. ದೂರದ ಶಹರದ ರೇಡಿಯೋ ಕೇಂದ್ರವೊಂದರಲ್ಲಿ ನನ್ನನ್ನು ಕೂರಿಸಿದರು. ಪ್ರತಿ ಐತವಾರ ಸಂಜೆ ಅರ್ಧ ತಾಸು, ಜವಾನರು ಮನೆಯವರಿಗೆ ಬರೆದ ನಾಲ್ಕು ನಾಲ್ಕು ಸಾಲು ಓದುವುದು. ಚೀಟಿಗಳು ತಪಾಸಣೆಯಾಗಿ, ಸಿಕ್ಕೆ ಬಿದ್ದು ಬರುತ್ತಿದ್ದವು. ಒಂದಕ್ಷರ ಬಿಡುವಂತಿಲ್ಲ, ಒಂದಕ್ಷರ ಸೇರಿಸುವಂತಿಲ್ಲ. ಕ್ಷೇಮ ಸಮಾಚಾರ ಮಾತ್ರ. ಸತ್ತವರ ಸುದ್ದಿ ತಾರಿನಲ್ಲಿ ಹೋಗುತ್ತಿತ್ತು.

ಒಂದು ಐತವಾರ ಗೆಳೆಯನ ಚೀಟಿ ಬಂತು. 'ಅವ್ವನಿಗೆ ಸಾಷ್ಟಾಂಗ. ನಾನು ಆರಾಮ ಇದ್ದೇನೆ. ಎಮ್ಮೆ ಈಯಿತೋ ಇಲ್ಲವೋ ತಿಳಿಸಿರಿ. ಮಳೆಗಾಲ ಮುಗಿದ ಮೇಲೆ ರಜೆ ಸಿಗುತ್ತದೆ.' ಓದುತ್ತಾ ನನಗೆ ಹುಚ್ಚು ಸಂತೋಷ. ತಡೆಯಲಾಗದೆ ನನ್ನದೊಂದು ಮಾತು ಸೇರಿಸಿಬಿಟ್ಟೆ: 'ಯವ್ವಾ, ನಿನ್ನ ಮಗ ಗಟ್ಟಿಮುಟ್ಟ ಅದಾನ. ಪಕ್ಕದ ಮನಿಯಾಂವ ನಾ ಹೇಳಾಕತ್ತೇನಿ, ನಂಬು.'

ಆ ಚೀಟಿ ಎರಡು ತಿಂಗಳು ಹಳೆಯದು. ಅವನು ಸತ್ತ ತಾರು ತಿಳವಳ್ಳಿಗೆ ಬಂದು ಆಗಲೇ ಹನ್ನೆರಡು ದಿನವಾಗಿತ್ತು. ನನಗದು ಗೊತ್ತಿರಲಿಲ್ಲ.

ಹೆಣವಿಲ್ಲದ ಸಾವು. ಸೊಸೆಯ ಬಳೆ ತೆಗೆಸುವುದನ್ನು ಹಿರಿಯರು ಅಮಾವಾಸ್ಯೆಯವರೆಗೆ ತಡೆದಿದ್ದರು. ಅಮಾವಾಸ್ಯೆಗೆ ಮೂರು ದಿನ ಇರುವಾಗ ಅಕ್ಕಿ ವ್ಯಾಪಾರಿಯ ಮನೆಯ ಬ್ಯಾಟರಿ ರೇಡಿಯೋದಲ್ಲಿ, ಕಟ್ಟೆ ತುಂಬ ಜನರ ಎದುರು, ನನ್ನ ಧ್ವನಿ ಬಂತು. ಹಾಸಿಗೆ ಹಿಡಿದಿದ್ದ ತಾಯಿ ಸುದ್ದಿ ಕೇಳಿದ್ದೇ ಎದ್ದು ಮುಖ ತೊಳೆದಳಂತೆ. ಮರುದಿನವೇ ಸವಣೂರಿನ ಬಳೆಗಾರನನ್ನು ಕೂರಿಸಿ ಸೊಸೆಯ ಕೈತುಂಬ ಹಸಿರು ಬಳೆ ಇಡಿಸಿದಳು.

ಕೆಲ ತಿಂಗಳ ಮೇಲೆ ಗೆಳೆಯನ ಜೊತೆಗಿದ್ದ ಜವಾನನೊಬ್ಬ ನನಗೆ ಸಿಕ್ಕ. ತಾನೇ ಅವನಿಗೆ ಮಣ್ಣು ಕೊಟ್ಟೆ ಎಂದ. ರಜೆ ಹಾಕಿ ಊರಿಗೆ ಓಡಿದೆ. ಓಡಿದೆ ಎಂದರೆ ಬಗಲುಗೋಲು ಕುಟ್ಟುತ್ತಾ ಹೋದೆ.

ಅಲ್ಲಿ ಹುಡುಗಿಯ ಅಣ್ಣ ಶಿಗ್ಗಾಂವಿಯಿಂದ ಬಂದು ಕೂತಿದ್ದ. ಗಂಡ ಸತ್ತ ಹುಡುಗಿಗೆ ಉಡಿಕಿ ಮಾಡಿ ಇನ್ನೊಂದು ಮನೆ ಸೇರಿಸುವ ಪದ್ಧತಿ ನಮ್ಮಲ್ಲಿ ಇದೆ. ಹಿರೇಕೆರೂರಿನ ಒಬ್ಬ ಒಕ್ಕಲಿಗ, ಹೆಂಡತಿ ಕಳೆದುಕೊಂಡವ, ಒಪ್ಪಿದ್ದ. ಆದರೆ ಹಿರಿಯರದು ಒಂದೇ ಮಾತು: ಮಗ ಸತ್ತ ಎಂದು ತಾಯಿ ಒಪ್ಪಬೇಕು.

'ಯವ್ವಾ, ನಾ ಅವತ್ತು ತಿಳೀದ ಹೇಳಿದೆ. ಅಂವ ಇಲ್ಲ. ಮಣ್ಣು ಕೊಟ್ಟಾಂವನ ಬಾಯಿಲೇ ಕೇಳಿ ಬಂದೇನಿ' ಎಂದೆ.

ಆಕೆ ನಕ್ಕಳು. 'ದೇಶಕ್ಕೆಲ್ಲ ಕೇಳೂ ಹಂಗ ಹೇಳಿದ್ದು ಸುಳ್ಳು, ಅಡಿಗಿ ಮನ್ಯಾಗ ಕುಂತು ಹೇಳೂದು ಖರೇ ಏನೋ ತಮ್ಮಾ? ಈಕಿ ಅಣ್ಣ ನಿನ್ನ ತಲಿ ಕೆಡಿಸ್ಯಾನ. ರೊಟ್ಟಿ ತಿನ್ನು.'

ರೊಟ್ಟಿ ತಿಂದೆ.

ಹೊರಡುವಾಗ ಹಿತ್ತಲ ಬಾಗಿಲಲ್ಲಿ ಸೊಸೆ ನಿಂತಿದ್ದಳು. 'ಅಣ್ಣಾರ, ತಾರು ಬಂದ ದಿನಾನ ನಾ ಅತ್ತು ಮುಗಿಸೇನಿ. ಅತ್ತಿ ನಂಬೂದು ಆ ರೇಡಿಯೋ ಪೆಟ್ಟಿಗಿ ಒಂದನ್ನ. ಅದರಾಗ ಹೇಳ್ರಿ. ಒಂದು ಮಾತು ಸೇರಿಸಿದ್ರಿ, ಇನ್ನೊಂದು ಸೇರಿಸ್ರಿ.'

'ಹೇಳ್ತೇನಿ ತಂಗಿ' ಎಂದೆ.

ಆದರೆ ಆ ಮೊದಲ ಅಧಿಕಪ್ರಸಂಗದ ನಂತರ ನನ್ನ ಪಕ್ಕದಲ್ಲಿ ಪ್ರಸಾರ ನಿಲ್ಲಿಸುವ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಒಬ್ಬ ಕೂರುತ್ತಿದ್ದ. ಅಧಿಕಾರಿಯನ್ನು ಕೇಳಿಕೊಂಡೆ. ಕೆಟ್ಟ ಮನುಷ್ಯನಲ್ಲ, ಆದರೂ, 'ಸಾವಿನ ಸುದ್ದಿ ಓದಿದರೆ ನಾಳೆ ಪಲ್ಟಣಕ್ಕೆ ಯಾರು ಬರುತ್ತಾರೆ?' ಎಂದ. ಮುಂದಿನ ಐತವಾರ ಕೊನೆಯ ಚೀಟಿ ಓದಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದೆ: 'ತಿಳವಳ್ಳಿಯ ಅವ್ವಾ, ನಿನ್ನ ಮಗ ತೀರಿಕೊಂಡಾನ. ಸೊಸಿನ ಬಿಡು.' ಕಣ್ಣು ತೆರೆದರೆ ಪ್ರಸಾರದ ಕೆಂಪು ದೀಪ ಆರಿತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಅಂತಾರಲ್ಲ, ಅದು ನಾನೇ.

ಊರಿಗೆ ಮುಟ್ಟಿದ್ದೆಷ್ಟು ಎಂಬುದು ಅಪ್ಪನ ಪತ್ರದಿಂದ ತಿಳಿಯಿತು. 'ತಿಳವಳ್ಳಿಯ ಅವ್ವಾ, ನಿನ್ನ ಮಗ' ಎಂಬುದಷ್ಟು ಕೇಳಿಸಿ, ಕೂಡಲೇ ಸನಾದಿಯ ರಿಕಾರ್ಡು ಹತ್ತಿತಂತೆ. ಮಂಗಳವಾದ್ಯ! ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. 'ಮಗ ಬರಾಕತ್ತಾನ ಅಂತ ಹೇಳಾವ ಇದ್ದ, ಮಷೀನು ಕೆಟ್ಟಿತು. ಮುಂದಿನ ಐತಾರ ಪೂರಾ ಹೇಳ್ತಾನ' ಎಂದು ಎಲ್ಲರಿಗೂ ಹೇಳಿದಳು. ಅಂದಿನಿಂದ ಪ್ರತಿ ಐತವಾರ ಕಟ್ಟೆಯ ಮೇಲೆ ಎಲ್ಲರಿಗಿಂತ ಮುಂದೆ ಆಕೆಯೇ. ಚೀಟಿ ಓದುವಾಗಲೆಲ್ಲ ಆಕೆ ಎದುರಿಗೇ ಕೂತಿದ್ದಾಳೆ ಅನಿಸುತ್ತಿತ್ತು.

ಹಿರೇಕೆರೂರಿನವನು ಒಂದು ವರ್ಷ ಕಾದು ಬೇರೆ ಸಂಬಂಧ ನೋಡಿಕೊಂಡ. ನಾನು ಮಾಫಿ ಬರೆದುಕೊಟ್ಟು ಕೆಲಸ ಉಳಿಸಿಕೊಂಡೆ. ಒಂಟಿ ಕಾಲಿನವನಿಗೆ ಬೇರೆ ದಾರಿ ಇರಲಿಲ್ಲ, ಅಥವಾ ಇಲ್ಲವೆಂದು ಹೆದರಿದೆ. ಊರಿಗೆ ಹೋದಾಗ ಅವರ ಬಾಗಿಲು ತಪ್ಪಿಸಿ ಸುತ್ತು ಹಾಕುತ್ತಿದ್ದೆ. ಒಮ್ಮೆ ಬಾವಿಯ ಹತ್ತಿರ ಸೊಸೆ ಸಿಕ್ಕೇಬಿಟ್ಟಳು.

'ಹೇಳಿದ್ರೇನು ಅಣ್ಣಾರ?'

'ಹೇಳಿದೆ ತಂಗಿ. ನಡುವ ಬಂದ್ ಮಾಡಿದ್ರು.'

'ಹೂಂ' ಎಂದು ಕೊಡ ಎತ್ತಿಕೊಂಡು ಹೋದಳು. ಬೈದಿದ್ದರೆ ಚಲೋ ಇತ್ತು.

ಅತ್ತೆ ಮಗನ ದಾರಿ ನೋಡುತ್ತಲೇ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಸೊಸೆಗೆ ನಲವತ್ತು ದಾಟಿತ್ತು. ಉಡಿಕಿಯ ಮಾತು ಎತ್ತುವವರೂ ಇರಲಿಲ್ಲ, ಬಳೆ ತೆಗೆಸುವವರೂ ಇರಲಿಲ್ಲ. ಹೋದ ವರ್ಷ ಸೊಸೆಯೂ ತೀರಿಕೊಂಡಳು. ನಾನು ಹೋದಾಗ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಹಣೆತುಂಬ ಕುಂಕುಮ, ಉಡಿ ತುಂಬಿದ್ದರು. ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರು.

'ಎಷ್ಟು ಪುಣ್ಯವಂತಿ ನೋಡ್ರಿ' ಎಂದಳು ಒಬ್ಬ ಮುದುಕಿ ನನ್ನ ಕಡೆ ತಿರುಗಿ. 'ಮುತ್ತೈದಿಯಾಗಿ ಹೋದಳು.'

ಅಲ್ಲಿ ಗುಂಡಿಯ ಮೇಲೆ ಕೈ ಇಟ್ಟು ಕೂತವರು ಯಾರೂ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು, 'ಹೌದ್ರಿ, ಪುಣ್ಯವಂತಿ' ಎಂಬುದಷ್ಟೇ.