ಕೆಂಪಮ್ಮ ಬೆಳಗಿದ ಬುದ್ಧ

ಇಲ್ಲಿ ಕೊಳಾಯಿಯ ಮುಂದೆ ನಮಗಿಂತ ಮೊದಲು ನಮ್ಮ ಕೊಡಗಳು ಸಾಲು ನಿಲ್ಲುತ್ತವೆ. ಎರಡು ಹೊತ್ತೂ ನದಿ ನೋಡುತ್ತಿದ್ದ ಕಣ್ಣಿಗೆ ರಾಜಾಜಿನಗರದ ಮೊದಲ ಬೆಳಗ್ಗೆ ಕಂಡದ್ದು ಕೆಂಪು ಮಣ್ಣಿನ ಬಯಲು, ಮೊನ್ನೆ ಮೊನ್ನೆ ಎದ್ದ ಒಂದೇ ಅಚ್ಚಿನ ಮನೆಗಳು, ಸರದಿ ಕಾಯುವ ಖಾಲಿ ಕೊಡಗಳು. ರಂಗೂನಿನಲ್ಲೇ ಉಳಿದಿರುವ ನಿಮಗೆ ಈ ಕಾಗದ ಓದಿ ನಗು ಬರಬಹುದು. ನನಗೆ ಅಳು ಬಂದಿತ್ತು.

ನಾವು ಗಂಡ ಹೆಂಡತಿ ಇರುವುದು ಪಕ್ಕದ ಕೇತಮಾರನಹಳ್ಳಿಯ ಒಂದು ವಠಾರದಲ್ಲಿ, ಅಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆದ ಬಾಡಿಗೆ ಮನೆಗಳ ಸಾಲಿನಲ್ಲಿ. ಒಡತಿ ಕೆಂಪಮ್ಮ. ಈಗ ಹೊಸ ರಸ್ತೆಗಳಿರುವ ಕಡೆ ಅವರ ರಾಗಿ ಹೊಲವಿತ್ತಂತೆ. ಅಲ್ಲಿ ಅನ್ನ, ಮೀನು. ಇಲ್ಲಿ ಅಗಿಯದೆ ನುಂಗಬೇಕಾದ ಮುದ್ದೆ. ಕಲಿಯಲು ಮೂರು ತಿಂಗಳು ಹಿಡಿಯಿತು. ಕಲಿತ ದಿನ ಕೆಂಪಮ್ಮ ವಠಾರಕ್ಕೆಲ್ಲ ಸುದ್ದಿ ಹೇಳಿ ಬಂದರು.

ನಮ್ಮ ದೇವರ ಗೂಡಿನಲ್ಲಿ ಅಲ್ಲಿಂದ ತಂದ ಗೇಣುದ್ದದ ಬುದ್ಧನಿದ್ದಾನೆ. ಬಲಗೈ ಬೆರಳು ನೆಲ ಮುಟ್ಟಿದೆ. ತಾನು ಕಂಡ ಸತ್ಯಕ್ಕೆ ಭೂಮಿಯನ್ನೇ ಸಾಕ್ಷಿಗೆ ಕರೆಯುವ ಭಂಗಿ ಅದು. ಭಕ್ತರು ಚಿನ್ನದ ತೆಳು ಹಾಳೆ ಅಂಟಿಸುವುದು ನಿಮಗೆ ಗೊತ್ತಲ್ಲ. ಆ ಬೆರಳುಗಳ ಮೇಲೆ ಕೊನೆಯ ಹಾಳೆ ಒತ್ತಿದವಳು ಏಳು ವರ್ಷದ ನನ್ನ ಮಗಳು. ಅದೇ ಮಳೆಗಾಲದ ಜ್ವರದಲ್ಲಿ ಅವಳು ಹೋದಳು. ಅವಳ ಹೆಬ್ಬೆರಳಿನ ಗುರುತು ಚಿನ್ನದಲ್ಲಿ ಉಳಿದಿತ್ತು. ಅವಳದೆಂದು ನನ್ನ ಬಳಿ ಇದ್ದದ್ದು ಅದೊಂದೇ.

ಗೌರಿ ಹಬ್ಬದ ಹಿಂದಿನ ದಿನ ನಾನು ಜ್ವರದಿಂದ ಮಲಗಿದ್ದೆ. ಗಂಜಿ ತಂದ ಕೆಂಪಮ್ಮ ನನ್ನ ದೇವರ ಸಾಮಾನನ್ನೂ ಒಯ್ದು, ತಮ್ಮ ಹಿತ್ತಾಳೆಯ ಜೊತೆ ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿದರು.

“ಹೊಗೆ ಹಿಡ್ದು ಕಪ್ಪಾಗಿದ್ದ ಕಣವ್ವ. ಫಳಫಳ ಅನ್ನೋ ಹಂಗೆ ಬೆಳಗಿದೀನಿ, ನೋಡು” ಎಂದು ಮುಂದಿಟ್ಟರು. ಕಂಚು ಹೊಳೆಯುತ್ತಿತ್ತು. ಚಿನ್ನ ಎಲ್ಲೂ ಇರಲಿಲ್ಲ.

ಕೂಗಾಡಿಬಿಟ್ಟೆ. ಆ ಚಿನ್ನದಲ್ಲಿ ಸತ್ತ ಮಗಳ ಬೆರಳಿನ ಗುರುತಿತ್ತು, ಈ ಮನೆಯಲ್ಲಿ ಇನ್ನೊಂದು ದಿನವೂ ಇರಲಾರೆ ಎಂದೆ. ಮಗಳ ವಿಷಯ ಕೇಳಿದ ಕೆಂಪಮ್ಮ ಹೊಸ್ತಿಲ ಬಳಿ ಕುಳಿತರು. ಚಿನ್ನ ಬುದ್ಧನಿಗೆ ಬೇಕಿಲ್ಲ, ಕೊಡುವ ಕೈಯು ಬಿಟ್ಟುಕೊಡುವುದನ್ನು ಕಲಿಯಲಿ ಎಂದೇ ಅದು, ಎಂದು ಅಲ್ಲಿನ ಭಿಕ್ಷುಗಳು ಹೇಳುತ್ತಿದ್ದರು. ಏಳು ವರ್ಷದ ಕೈಗೆ ಬಂದದ್ದು ನನಗೆ ಇನ್ನೂ ಬಂದಿಲ್ಲ.

ಕೆಂಪಮ್ಮ ಕೇಳಿದರು, “ಮಗೀಗೆ ಏನಂತ ಹೆಸರಿಟ್ಟಿದ್ದೆ, ತಾಯಿ?”

ಎರಡು ವರ್ಷದಿಂದ ಈ ಊರಿನಲ್ಲಿ ಮಕ್ಕಳಿಲ್ಲವೆಂದೇ ಹೇಳಿಕೊಂಡು ಬಂದಿದ್ದೆ.

“ಸುಗುಣ” ಎಂದೆ.

ಅವಳನ್ನಿಟ್ಟ ಮಣ್ಣು ನಿಮ್ಮ ಊರಿನಲ್ಲಿದೆ. ನನ್ನ ಜೀವವೂ ಅಲ್ಲೇ ಇದೆ. ಆದರೆ ಮರುದಿನ ಗೌರಿಯ ಮುಂದೆ ಕೆಂಪಮ್ಮ ಪುಟ್ಟ ಕೈಗಾಗುವ ಒಂದು ಜೊತೆ ಹಸಿರು ಬಳೆ ಇಟ್ಟರು. ಹಬ್ಬಕ್ಕೆ ಬಂದಿದ್ದ ಹೆಂಗಸೊಬ್ಬಳು ಯಾರದೆಂದು ಕೇಳಿದಳು.

“ನಮ್ಮ ವಠಾರದ ಮಗೀದು” ಎಂದರು ಕೆಂಪಮ್ಮ. “ಸುಗುಣಂದು.”