ರುಕ್ಮಿಣಿಯನ್ನು ಕೈಬಿಟ್ಟ ಪ್ರವಾಸ

ಕೋವಿಡ್ ಮುಗಿದು ಮೈದಾನಗಳಿಗೆ ಮತ್ತೆ ಮಕ್ಕಳು ಬರತೊಡಗಿದ ಎರಡನೇ ವರ್ಷ ಅದು. ನಾನಾಗ ಮಳವಳ್ಳಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಕಾಲೇಜಿನ ಕೆಲಸದ ಜೊತೆಗೆ, ಮಂಡ್ಯ ಜಿಲ್ಲೆಯ ಇಪ್ಪತ್ತು ವರ್ಷದೊಳಗಿನ ಹುಡುಗಿಯರ ರಗ್ಬಿ ತಂಡದ ಆಯ್ಕೆ ಸಮಿತಿಗೆ ನನ್ನನ್ನು ಸಂಚಾಲಕಿಯಾಗಿ ಮಾಡಿದ್ದರು. ರಗ್ಬಿ ಎಂದರೆ ನಮ್ಮ ಕಡೆ ಈಗಲೂ ಕೆಲವರು ಅದೇನು ರಬ್ಬರ್ ಕಂಪನಿಯೇ ಎಂದು ಕೇಳುತ್ತಾರೆ. ಆದ್ದರಿಂದ ಆಟದ ಬಗ್ಗೆ ಎರಡು ಮಾತು ಹೇಳಿಯೇ ಮುಂದೆ ಹೋಗಬೇಕು.

ಮೊಟ್ಟೆಯಾಕಾರದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡಿ, ಎದುರಾಳಿಯ ಗೆರೆ ದಾಟಿ ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಚೆಂಡು ಹಿಡಿದು ಬರುವವಳನ್ನು ಸೊಂಟಕ್ಕೋ ತೊಡೆಗೋ ತಬ್ಬಿ ಕೆಡವುವುದಕ್ಕೆ ‘ಟ್ಯಾಕಲ್’ ಎನ್ನುತ್ತಾರೆ. ರಗ್ಬಿ ಯೂನಿಯನ್‌ನ ಮೂಲ ಆಟದಲ್ಲಿ ಒಂದು ಕಡೆಗೆ ಹದಿನೈದು ಮಂದಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಏಳು ಮಂದಿಯ ‘ಸೆವೆನ್ಸ್’. ಪ್ರವಾಸಕ್ಕೆ ಹೋಗುವ ತಂಡದಲ್ಲಿ ಬದಲಿ ಆಟಗಾರ್ತಿಯರೂ ಸೇರಿ ಹನ್ನೆರಡು ಜನ. ಕಬಡ್ಡಿ ಆಡಿ ಬೆಳೆದ ನಮ್ಮ ಹುಡುಗಿಯರಿಗೆ ಟ್ಯಾಕಲ್ ಹೊಸದೇನೂ ಆಗಿರಲಿಲ್ಲ. ಎರಡೇ ಹಂಗಾಮಿನಲ್ಲಿ ಅವರು ಜಿಲ್ಲೆಗೆ ಹೆಸರು ತಂದಿದ್ದರು. ಆ ವರ್ಷ ಮಹಾರಾಷ್ಟ್ರದ ತಂಡಗಳ ಮೇಲೆ ಮೂರು ಪಂದ್ಯ ಆಡಲು ಕರೆ ಬಂದಿತ್ತು. ಅಲ್ಲಿಗೆ ರಾಷ್ಟ್ರೀಯ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರೂ ಬರುತ್ತಾರೆ ಎಂಬ ಸುದ್ದಿಯಿತ್ತು.

ಸಮಿತಿಯಲ್ಲಿ ಮೂವರಿದ್ದೆವು. ದುದ್ದದ ಶಿವಲಿಂಗು ನಮ್ಮ ಕೋಚ್, ಒಂದು ಕಾಲದ ಒಳ್ಳೆಯ ಕಬಡ್ಡಿ ಆಟಗಾರ. ಮದ್ದೂರಿನ ಪುಟ್ಟಸ್ವಾಮಿ ಸೇನೆಯಿಂದ ನಿವೃತ್ತರಾದವರು, ಅಲ್ಲಿ ರಗ್ಬಿ ಆಡಿದ್ದವರು. ಮೂರನೆಯವಳು ನಾನು. ನನಗೆ ಆಟಕ್ಕಿಂತ ಆಡುವವರ ಪರಿಚಯ ಹೆಚ್ಚು.

ಹನ್ನೊಂದು ಹೆಸರುಗಳ ಬಗ್ಗೆ ಸಣ್ಣಪುಟ್ಟ ಚರ್ಚೆಯಷ್ಟೇ ನಡೆದಿತ್ತು. ಅವರಲ್ಲಿ ರುಕ್ಮಿಣಿಯ ಬಗ್ಗೆಯಂತೂ ಚರ್ಚೆಯ ಮಾತೇ ಇರಲಿಲ್ಲ. ಪೂರಿಗಾಲಿಯ ಹುಡುಗಿ, ತಂಡದ ನಾಯಕಿ. ಎಷ್ಟೇ ದಪ್ಪ ಆಳಾಗಿರಲಿ, ಓಡಿ ಬಂದರೆ ಇವಳು ಕೆಡವುತ್ತಿದ್ದಳು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ವರ್ಷ. ಶಿಬಿರಕ್ಕೆ ಆಯ್ಕೆಯಾದರೆ ಪೊಲೀಸ್ ಇಲಾಖೆಯ ಕ್ರೀಡಾ ಕೋಟಾಕ್ಕೆ ದಾರಿಯಾಗುತ್ತದೆ ಎಂಬ ಆಸೆ ಅವಳಿಗೂ ಇತ್ತು, ನಮಗೂ ಇತ್ತು. ಕೊನೆಯ ಸ್ಥಾನಕ್ಕೆ ಮಾತ್ರ ಬೆಳಕವಾಡಿಯ ಅಶ್ವಿನಿಯೋ ಇನ್ನೊಬ್ಬಳೋ ಎಂದು ಜಗ್ಗಾಟ ನಡೆದಿತ್ತು. ಅಶ್ವಿನಿ ಓಟದಲ್ಲಿ ಮುಂದು, ಟ್ಯಾಕಲ್‌ನಲ್ಲಿ ಹಿಂದು. ಅವಳೂ ರುಕ್ಮಿಣಿಯೂ ಮಳವಳ್ಳಿಯ ಹಾಸ್ಟೆಲ್‌ನಲ್ಲಿ ಒಂದೇ ಕೋಣೆಯವರು.

ಕೊನೆಯ ಅಭ್ಯಾಸ ಪಂದ್ಯ ಮಂಡ್ಯದಲ್ಲಿ. ಎರಡನೇ ಅರ್ಧದಲ್ಲಿ ರುಕ್ಮಿಣಿ ಟ್ಯಾಕಲ್‌ಗೆ ಬಗ್ಗಿದಾಗ ಎದುರಿನವಳ ಸೊಂಟದ ಮೂಳೆ ಅವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಿದ್ದಳು, ತಕ್ಷಣ ಎದ್ದಳು. ಸ್ವಲ್ಪ ಹೊತ್ತಿಗೆ ಚೆಂಡು ಸಿಕ್ಕಾಗ ಓಡಿ ಟ್ರೈ ಕೂಡ ಮಾಡಿದಳು. ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಆಮೇಲೆ ಆಟ ಮತ್ತೆ ಶುರುವಾಗಬೇಕಾದಾಗ ಅವಳು ಎದುರಾಳಿಗಳ ಸಾಲಿಗೆ ಹೋಗಿ ನಿಂತಿದ್ದಳು. ಗೆಳತಿಯರು ನಗುತ್ತ ಕೈಹಿಡಿದು ಎಳೆದುಕೊಂಡು ಬಂದರು. ಅವಳೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಅವಳನ್ನು ಹೊರಗೆ ಕರೆಸಿ ಕೂರಿಸಿದೆ.

ಮಾರನೆಯ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಯುವ ವೈದ್ಯರು ತಾಳ್ಮೆಯಿಂದ ವಿವರಿಸಿದರು: ‘ಕನ್ಕಷನ್’ ಎಂದರೆ ಪೆಟ್ಟಿಗೆ ಮಿದುಳು ಒಳಗೇ ಅಲುಗಿ, ಕೆಲವು ಕಾಲ ಅದರ ಕೆಲಸ ಏರುಪೇರಾಗುವುದು. ಅದು ಸ್ಕ್ಯಾನ್‌ನಲ್ಲಿ ಕಾಣಿಸಬೇಕೆಂದಿಲ್ಲ. ರೋಗಿ ಹೇಳುವ ಲಕ್ಷಣಗಳಿಂದಲೇ ತಿಳಿಯಬೇಕು. ಅದು ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ತಲೆನೋವು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ ಇದೆಯೇ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ರುಕ್ಮಿಣಿ ಇಲ್ಲ ಎಂದಳು. ಹಾಗಿದ್ದರೆ ಕೆಲವು ದಿನ ವಿಶ್ರಾಂತಿ ತೆಗೆದುಕೊಂಡು, ಯಾವ ಲಕ್ಷಣವೂ ಕಾಣದಿದ್ದರೆ ನಿಧಾನವಾಗಿ ಆಟಕ್ಕೆ ಇಳಿಯಬಹುದು ಎಂದರು. ಹೊರಗೆ ಬಂದಾಗ ಅವಳು ದುಪಟ್ಟಾದ ತುದಿಯನ್ನು ಹಣೆಯ ಮೇಲೆ ಎಳೆದುಕೊಂಡಳು. ಬಿಸಿಲಿತ್ತು, ಯಾರಾದರೂ ಎಳೆದುಕೊಳ್ಳುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಸ್ಸಿನುದ್ದಕ್ಕೂ ಅವಳ ಮುಖವನ್ನೇ ನೋಡುತ್ತ ಕೂತಿದ್ದೆ.

ನಾಲ್ಕು ದಿನದ ನಂತರ ಸಮಿತಿ ಸೇರಿದ್ದು ಮದ್ದೂರಿನ ಶಾಲೆಯೊಂದರ ಆಟದ ಸಾಮಾನಿನ ಕೋಣೆಯಲ್ಲಿ. ನನಗೆ ಅನುಮಾನವಿದೆ ಎಂದೆ. ಶಿವಲಿಂಗು ಅವರಿಗೆ ಸಿಟ್ಟು ಬಂತು. ಆ ಹುಡುಗಿಯನ್ನು ಕಬಡ್ಡಿಯಿಂದ ರಗ್ಬಿಗೆ ಕರೆತಂದವರೇ ಅವರು.

“ರುಕ್ಮಿಣಿ ಇಲ್ದೆ ಓದ್ರೆ ಅದು ಟೀಮಲ್ಲ ಮೇಡಂ, ಪಿಕ್‌ನಿಕ್ಕಿಗೆ ಒಂಟಂಗೆ ಆಯ್ತದೆ. ಡಾಕ್ಟ್ರೇ ಆಡ್ಬೋದು ಅಂದ್ಮೇಲೆ ನಾವ್ಯಾಕೆ ಅಡ್ಡ ನಿಲ್ಬೇಕು?”

ವೈದ್ಯರು ‘ಲಕ್ಷಣ ಇಲ್ಲದಿದ್ದರೆ’ ಎಂದಿದ್ದಾರೆ ಎಂದು ನೆನಪಿಸಿದೆ. ಲಕ್ಷಣ ಇದೆ ಎನ್ನುವುದಕ್ಕೆ ನಿಮ್ಮ ಬಳಿ ಏನಿದೆ ಎಂದು ಅವರು ಕೇಳಿದರು. ದುಪಟ್ಟಾ ಎಳೆದುಕೊಂಡಳು ಎನ್ನಲು ಬಾಯಿ ಬರಲಿಲ್ಲ. ಪುಟ್ಟಸ್ವಾಮಿ ಎರಡು ಕಡೆಯೂ ವಾಲದೆ ಕೂತಿದ್ದರು. ಸೇನೆಯಲ್ಲಿ ತಲೆಗೆ ಪೆಟ್ಟು ತಿಂದೂ ಆಡಿ ಏನೂ ಆಗದವರನ್ನು ಕಂಡಿದ್ದೇನೆ, ಆಮೇಲೆ ಹೆಸರು ಹಿಡಿದು ಕರೆದರೂ ತಿರುಗಿ ನೋಡದಂತಾದ ಒಬ್ಬನನ್ನೂ ಕಂಡಿದ್ದೇನೆ ಎಂದಷ್ಟೇ ಹೇಳಿದರು. ಸಂಶಯದ ಮೇಲೆ ಒಬ್ಬ ಹುಡುಗಿಯ ಕೊನೆಯ ಅವಕಾಶವನ್ನು ಕಿತ್ತುಕೊಳ್ಳಬಹುದೇ? ಸಂಶಯವಿದ್ದೂ ಅವಳನ್ನು ಮೈದಾನಕ್ಕೆ ಇಳಿಸಬಹುದೇ? ಮಧ್ಯಾಹ್ನದವರೆಗೂ ಎಳೆದಾಡಿದೆವು. ಮರುದಿನ ಸಂಜೆಯೊಳಗೆ ಹೆಸರುಗಳು ರಾಜ್ಯ ಸಂಸ್ಥೆಗೆ ತಲುಪಬೇಕಿತ್ತು. ಬೆಳಗ್ಗೆ ಮತ್ತೆ ಸೇರೋಣ ಎಂದು ಎದ್ದೆವು.

ಹಿಂತಿರುಗುವ ದಾರಿಯಲ್ಲಿ ರುಕ್ಮಿಣಿಯ ತಾಯಿ ಜಯಮ್ಮನಿಗೆ ಫೋನ್ ಮಾಡಿದೆ. ಮಗಳು ಪೆಟ್ಟಿನ ವಿಷಯವನ್ನೇ ಹೇಳಿರಲಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದ ಆಕೆ ಬುಟ್ಟಿ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಕೇಳಿದರು:

“ಅವ್ರಪ್ಪ ಬ್ಯಾಡ ಅಂದ್ರೂ ಆಡ್ಲಿ ಅಂತ ಕಳ್ಸಿದ್ದು ನಾನು ಮೇಡಂ. ಏನಾರ ಆದ್ರೆ ಅವ್ರಪ್ಪಂಗೆ ಯಾವ್ ಮಕ ತೋರ್ಸ್ಲಿ? ಬ್ಯಾಡ ಬಾ ಅಂದ್ರೆ ಮಗ್ಳಿಗೆ ಯಾವ್ ಮಕ ತೋರ್ಸ್ಲಿ?”

ಮಳವಳ್ಳಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಹಾಸ್ಟೆಲ್‌ಗೆ ಹೋದೆ. ರುಕ್ಮಿಣಿ ಮಲಗಿದ್ದಾಳೆ ಎಂದರು. ಅಶ್ವಿನಿ ಹಿತ್ತಲಿನ ತೊಟ್ಟಿಯ ಬಳಿ ಬಟ್ಟೆ ಒಗೆಯುತ್ತಿದ್ದಳು. ರುಕ್ಮಿಣಿ ಹೇಗಿದ್ದಾಳೆ ಎಂದು ಕೇಳಿದೆ. ಅವಳು ತಲೆಯೆತ್ತಲಿಲ್ಲ. ಎರಡನೇ ಸಲ ಕೇಳಿದಾಗ ಬಟ್ಟೆಯನ್ನು ಹಿಂಡುವುದು ನಿಲ್ಲಿಸಿದಳು.

“ನಾನೇಳುದ್ರೆ ಜಾಗಕ್ಕೋಸ್ಕರ ಏಳುದ್ಲು ಅಂತಾರೆ ಮೇಡಂ. ಮೊದ್ಲು ನನ್ ಎಸ್ರು ತೆಗುದ್ಬುಡಿ. ಆಮೇಲ್ ಕೇಳಿ, ಏಳ್ತೀನಿ.”

ಇಪ್ಪತ್ತು ತುಂಬದ ಹುಡುಗಿ. ಈ ಪ್ರವಾಸಕ್ಕಾಗಿ ಬೆಳಗಿನ ಜಾವದಲ್ಲಿ ಎದ್ದು ಓಡಿದವಳು. ರುಕ್ಮಿಣಿ ಹೊರಗುಳಿದರೆ ತನಗೆ ಜಾಗ ಖಚಿತ ಎಂದು ಗೊತ್ತಿದ್ದೂ, ಅದೇ ಕಾರಣಕ್ಕೆ ಬಾಯಿ ಬಿಡದೆ ಒಳಗೊಳಗೇ ಒದ್ದಾಡುತ್ತಿದ್ದಳು. ನಾನು ಆಗಲಿ, ತೆಗೆಸುತ್ತೇನೆ ಎಂದು ಮಾತು ಕೊಟ್ಟೆ. ಆಗ ಹೇಳಿದಳು. ರುಕ್ಮಿಣಿಗೆ ದಿನಾ ಬೆಳಗ್ಗೆ ವಾಂತಿಯಾಗುತ್ತಿತ್ತು. ಟ್ಯೂಬ್‌ಲೈಟ್ ಹಾಕಲು ಬಿಡುತ್ತಿರಲಿಲ್ಲ. ತನ್ನ ಮೊಬೈಲ್‌ಗೆ ಬಂದದ್ದನ್ನು ಅಶ್ವಿನಿಯಿಂದಲೇ ಓದಿಸುತ್ತಿದ್ದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳು.

ಹಾಸ್ಟೆಲ್‌ನ ಗೇಟಿನ ಬಳಿಯಿಂದಲೇ ವೈದ್ಯರಿಗೆ ಫೋನ್ ಮಾಡಿದೆ. ಹಾಗಿದ್ದರೆ ಅವಳನ್ನು ಯಾವ ಕಾರಣಕ್ಕೂ ಆಡಿಸಬೇಡಿ, ನಾಳೆಯೇ ಮತ್ತೆ ಕರೆತನ್ನಿ ಎಂದರು.

ಬೆಳಗ್ಗೆ ಮದ್ದೂರಿನಲ್ಲಿ ಎಲ್ಲವನ್ನೂ ಹೇಳಿದೆ. ಶಿವಲಿಂಗು ಒಂದು ಚೆಂಡನ್ನು ಎತ್ತಿಕೊಂಡು ಅದರ ಹೊಲಿಗೆಯನ್ನು ಸವರಿದರು. ಆಮೇಲೆ ಆಯ್ತು ಬುಡಿ ಎಂದರು. ಅಷ್ಟೇ. ಅಂಥ ಗಟ್ಟಿ ಮನುಷ್ಯನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರುಕ್ಮಿಣಿಯ ಹೆಸರು ಹೊರಗೆ ಬಂತು.

ಈಗ ಅವಳದೂ ಆ ಕೊನೆಯದೂ ಸೇರಿ ಎರಡು ಜಾಗ ಖಾಲಿ. ಅಶ್ವಿನಿಗೆ ಕೊಟ್ಟ ಮಾತನ್ನು ಸಮಿತಿಯ ಮುಂದಿಟ್ಟೆ. ನಾಯಕಿಯೂ ಇಲ್ಲ, ಓಡುವವಳೂ ಇಲ್ಲ ಎಂದರೆ ಅಲ್ಲಿಗೆ ಸೋಲಲು ಹೋಗಬೇಕೇ ಎಂದು ಶಿವಲಿಂಗು ಕೇಳಿದರು. ಮಾತು ಕೊಟ್ಟದ್ದರಿಂದಲೇ ನಮಗೆ ನಿಜ ಸಿಕ್ಕಿದ್ದು ಎಂದೆ. ಆಗ ಪುಟ್ಟಸ್ವಾಮಿ ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದರು.

“ಮಾತು ಕೊಟ್ಟಿದ್ದು ನೀವು ಮೇಡಂ, ಕಮಿಟಿ ಅಲ್ಲ. ಬಾಯ್ಬುಟ್ಟಿದ್ದಕ್ಕೆ ಅವ್ಳಿಗೆ ಶಿಕ್ಷೆ ಕೊಟ್ರೆ, ನಾಳೆ ಇನ್ನೊಬ್ಳು ಬಾಯ್ ಬುಡ್ತಾಳಾ?”

ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಆದರೂ ನಾನು ಒಪ್ಪಲಿಲ್ಲ. ಇಬ್ಬರು ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ. ಅಶ್ವಿನಿ ಆಯ್ಕೆಯಾದಳು. ನನ್ನ ಮಾತು ಮುರಿದುಬಿದ್ದ ಸುದ್ದಿಯನ್ನು ನಾನೇ ಹೋಗಿ ಹೇಳಬೇಕಾಯಿತು.

ಆ ಮಧ್ಯಾಹ್ನದ ಬಸ್ ಪ್ರಯಾಣದಲ್ಲಿ ಪಟ್ಟಷ್ಟು ಆತಂಕವನ್ನು ನನ್ನ ವೃತ್ತಿಯಲ್ಲಿ ಮತ್ತೆಂದೂ ಪಟ್ಟಿಲ್ಲ. ಹಾಸ್ಟೆಲ್‌ನ ಕೋಣೆಯಲ್ಲಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದರು. ರುಕ್ಮಿಣಿ ಕಣ್ಣಿನ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಮಲಗಿದ್ದಳು. ಅವಳ ಮಂಚದ ಅಂಚಿನಲ್ಲಿ ಕೂತು, ಈ ಸಲ ನಿನ್ನನ್ನು ಕರೆದುಕೊಂಡು ಹೋಗುತ್ತಿಲ್ಲ ಎಂದು ಹೇಳಿದೆ. ಸಂಜೆಯೇ ಮತ್ತೆ ವೈದ್ಯರ ಬಳಿ ಹೋಗಬೇಕು ಎಂದೂ ಸೇರಿಸಿದೆ. ಅಶ್ವಿನಿಯನ್ನು ಹೊರಗೆ ಕರೆದು ಅವಳ ಸುದ್ದಿ ಹೇಳಬೇಕೆಂದಿದ್ದೆ. ಆದರೆ ನಾನು ಏಳುವಷ್ಟರಲ್ಲಿ ಅವಳೇ ಬಾಗಿಲಿನಲ್ಲಿ ನಿಂತು, ನನ್ನ ಹೆಸರು ತೆಗೆದಿರಿ ತಾನೇ ಎಂದು ಕೇಳಿಬಿಟ್ಟಳು. ಸುಳ್ಳು ಹೇಳಲಾಗಲಿಲ್ಲ. ಇಲ್ಲ, ಉಳಿಸಿದ್ದಾರೆ ಎಂದೆ. ನಾನು ಹೋಗುವುದಿಲ್ಲ ಎಂದು ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ನಿಜ ಹೇಳಿದ್ದು ಯಾರೆಂಬುದು ಆ ಕೋಣೆಯಲ್ಲಿ ಇನ್ನು ಗುಟ್ಟಾಗಿ ಉಳಿಯಲಿಲ್ಲ.

ಟವೆಲ್‌ನ ಕೆಳಗಿನಿಂದ ರುಕ್ಮಿಣಿಯ ಮಾತು ಬಂತು. ಅದು ಅಶ್ವಿನಿಗೆ ಹೇಳಿದ್ದಲ್ಲ, ನನಗೆ.

“ಇವ್ಳ ಬೂಟು ಕಿತ್ತೋಗದೆ. ನಂದು ಒಂಚೂರು ದೊಡ್ಡದಾಯ್ತದೆ ಮೇಡಂ. ಎರಡು ಜೊತೆ ಸಾಕ್ಸ್ ಆಕ್ಕೊಳ್ಳಕ್ಕೇಳಿ.”

ಪ್ರವಾಸದಲ್ಲಿ ಮೊದಲ ಎರಡು ಪಂದ್ಯ ಸೋತೆವು. ಮೊದಲನೆಯದರಲ್ಲಿ ಅಶ್ವಿನಿಯ ಕೈತಪ್ಪಿದ ಟ್ಯಾಕಲ್‌ನಿಂದಲೇ ಎದುರಾಳಿಗಳಿಗೆ ಟ್ರೈ ಸಿಕ್ಕಿತು. ಮೂರನೆಯದರಲ್ಲಿ ಅವಳು ಮೈದಾನದ ಅರ್ಧಕ್ಕೂ ಹೆಚ್ಚು ಓಡಿ ಟ್ರೈ ಮಾಡಿದಳು, ಗೆದ್ದೆವು. ಶಿಬಿರಕ್ಕೆ ನಮ್ಮಲ್ಲಿ ಯಾರೂ ಆಯ್ಕೆಯಾಗಲಿಲ್ಲ. ರುಕ್ಮಿಣಿಯ ತಲೆನೋವು ಹೋಗಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿತ್ತು. ಅವಳೂ ಅಶ್ವಿನಿಯೂ ಬೇರೆ ಬೇರೆ ಕೋಣೆಗೆ ಹೋದರು. ಮತ್ತೆ ಮಾತಾಡಿದರು ಎಂದು ಕೇಳಿದ್ದೇನೆ, ಮೊದಲಿನಂತೆ ಆದರೋ ಇಲ್ಲವೋ ಗೊತ್ತಿಲ್ಲ.

ಅವಳನ್ನು ಆಡಿಸಿದ್ದರೆ ಏನೂ ಆಗದೆ ಇರಬಹುದಿತ್ತು. ಗೆದ್ದು, ಆಯ್ಕೆಯಾಗಿ, ಇವತ್ತು ಖಾಕಿ ತೊಟ್ಟಿರಬಹುದಿತ್ತು. ತಪ್ಪಿಸಿದ ಅಪಾಯಕ್ಕೆ ಯಾವತ್ತೂ ಸಾಕ್ಷಿ ಸಿಗುವುದಿಲ್ಲ. ತಪ್ಪಿಹೋದ ಅವಕಾಶ ಮಾತ್ರ ಕಣ್ಣೆದುರಿಗೇ ಓಡಾಡುತ್ತಿರುತ್ತದೆ. ಆಯ್ಕೆ ಮಾಡುವ ಕೆಲಸದಲ್ಲಿ ಅತಿ ಕಷ್ಟದ್ದು ಇದೇ ಎಂದು ನನಗೆ ಅರ್ಥವಾದದ್ದು ಆ ವರ್ಷ. ಅಲ್ಲಿಂದಾಚೆ ಯಾರ ಹೆಸರು ಬಿಟ್ಟರೂ ಪಟ್ಟಿಯನ್ನು ಫಲಕಕ್ಕೆ ಅಂಟಿಸುವ ಮೊದಲು ನಾನೇ ಹೋಗಿ ಅವರೆದುರು ಕೂತು ಹೇಳುತ್ತಿದ್ದೆ. ಅವರು ಬೈದರೆ ಬೈಸಿಕೊಂಡು ಬರುತ್ತಿದ್ದೆ.

ನಿವೃತ್ತಿಯಾದ ಮೇಲೆ ಒಮ್ಮೆ ಪೂರಿಗಾಲಿಗೆ ಹೋಗಿದ್ದೆ. ರುಕ್ಮಿಣಿ ಈಗ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಾಳೆ. ಆರೋಗ್ಯವಾಗಿದ್ದಳು. ಜಯಮ್ಮ ಒಳಗೆ ಕಾಫಿ ಮಾಡುತ್ತಿದ್ದಾಗ, ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಹೇಗೆ ಕೇಳಲಿ ಎಂದು ತಡವರಿಸುತ್ತಿದ್ದೆ. ಅವಳೇ ಮುಂದಾದಳು.

“ನೀವ್ ಮಾಡಿದ್ದು ಸರಿ ಅಂತ ನಂಗೊತ್ತು ಮೇಡಂ. ಆದ್ರೆ ಬೇಜಾರು ಓಯ್ತಾ ಅಂತ ಮಾತ್ರ ಕೇಳ್ಬ್ಯಾಡಿ.”

ನಾನು ಕೇಳಲಿಲ್ಲ. ಕಾಫಿ ಬಂತು. ಮೂವರೂ ಜಗುಲಿಯ ಮೇಲೆ ಕೂತು ಕುಡಿದೆವು.