ಗುರಪ್ಪ ಮಾಮಾನ ಐದು ಕಿಲೋಮೀಟರ್

ಗುರಪ್ಪ ಮಾಮಾ ಬೆವರಿನ ಬನಿಯನ್ ಹಿಂಡುತ್ತಿದ್ದದ್ದು ದಾಸವಾಳದ ಕುಂಡದ ಮೇಲೆ ಎಂದು ನನ್ನ ನೆನಪು. ಅಲ್ಲ, ತುಳಸಿಯ ಕುಂಡದ ಮೇಲೆ ಎನ್ನುತ್ತಾಳೆ ಅವ್ವ. ಅವ್ವ ಅವರ ಒಡಹುಟ್ಟಿದ ತಂಗಿ. ಆದರೆ ಅವಳು ರಾಯಚೂರಿನಿಂದ ಹಬ್ಬಕ್ಕೋ ಮದುವೆಗೋ ಬಂದು ಹೋಗುತ್ತಿದ್ದವಳು. ನಾನು ಗಚ್ಚಿಬೌಲಿಯಲ್ಲಿ ಎಂ.ಎ. ಓದುವಾಗ ಪ್ರತಿ ಶನಿವಾರ ಹಾಸ್ಟೆಲ್ ಬಿಟ್ಟು ಮಾಮಾನ ಮನೆಗೆ ಹೋಗಿ ಉಳಿಯುತ್ತಿದ್ದವಳು. ಹಾಗೆಂದು ನನ್ನ ನೆನಪೇ ಸರಿ ಎನ್ನಲಾರೆ. ಒಬ್ಬರ ಬಗ್ಗೆ ಹೇಸಿಕೆ ಹುಟ್ಟಿಬಿಟ್ಟರೆ ಅದಕ್ಕೆ ಬೇಕಾದದ್ದನ್ನೆಲ್ಲ ನೆನಪು ತಾನೇ ತಂದು ಒದಗಿಸುತ್ತದೆ ಎಂಬ ಅನುಮಾನ ನನಗಿದೆ. ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಬನಿಯನ್ನಿನಿಂದ ಇಳಿಯುತ್ತಿದ್ದ ಬೂದು ನೀರು ಮಾತ್ರ ತಪ್ಪಲ್ಲ. ಅದು ಮಣ್ಣಿಗೆ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ.

"ನೋಡ್ ಸುಮಾ, ಇದು ಬೆವರಲ್ಲ. ಮೈಯಾಗಿನ ರೋಗ ಹೊರಗ ಹೊಂಟೈತಿ," ಎನ್ನುತ್ತಿದ್ದರು. ರೋಗ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಗಿಡ ಒಣಗಿತು.

ಮಾಮಾ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಅದೇ ನಗರದ ಇನ್ನೊಂದು ತುದಿಯಲ್ಲಿ, ಕಾರ್ಖಾನೆಗಳೇ ತುಂಬಿದ ಜೀಡಿಮೆಟ್ಲಾದ ಮಗ್ಗುಲಿಗೇ ಇರುವ ಕಾಲೊನಿಯಲ್ಲಿ ಮನೆ ಕಟ್ಟಿಸಿದ್ದರು. ತಮ್ಮ ಕೈಕೆಳಗೆ ಕೆಲಸ ಮಾಡುವವರಿಲ್ಲದೆ ಒಂದು ತಿಂಗಳು ಚಡಪಡಿಸಿ, ಆಮೇಲೆ ಓಟದ ಕ್ಲಬ್ಬು ತೆರೆದರು. ಭಾನುವಾರ ಬೆಳಕು ಹರಿಯುವಾಗ ಅವರ ಗೇಟಿನ ಮುಂದೆ ಸುಣ್ಣದ ಗೆರೆ. ಅಲ್ಲಿಂದ ಕಾರ್ಖಾನೆಗಳ ರಸ್ತೆಯವರೆಗೆ ಹೋಗಿ, ಮೋರಿ ದಾಟಿ, ಸುತ್ತಿ ಬಂದರೆ ಐದು ಕಿಲೋಮೀಟರ್. ಯಾರು ಬೇಕಾದರೂ ಓಡಬಹುದಿತ್ತು. ಕಾಲೊನಿಯ ನಿವೃತ್ತರು, ಔಷಧ ಕಂಪನಿಯ ನೌಕರರು, ಆಮೇಲಾಮೇಲೆ ಗಚ್ಚಿಬೌಲಿಯ ಐಟಿ ಕಂಪನಿಗಳಿಂದ ಕಾರಿನಲ್ಲಿ ಬರುವ ಹುಡುಗ ಹುಡುಗಿಯರೂ ಸೇರಿಕೊಂಡರು.

ರಾತ್ರಿಯೆಲ್ಲ ಕಾರ್ಖಾನೆಗಳು ಬಿಟ್ಟ ಹೊಗೆ ಆ ಹೊತ್ತಿಗೆ ರಸ್ತೆಯ ಮೇಲೇ ಕೂತಿರುತ್ತಿತ್ತು. ಹುಳಿತ ಹಣ್ಣು, ಸ್ಪಿರಿಟ್, ಸುಟ್ಟ ಕೂದಲು ಮೂರೂ ಸೇರಿದಂಥ ನಾತ. ಅದರ ನಡುವೆ ನಿಂತು ಮಾಮಾ ತೋಳು ಚಾಚಿ, "ಎಳಕೋರಿ ಉಸುರು! ಮುಂಜಾನಿ ಹವಾ, ಫ್ರೀ ಸಿಗತೈತಿ!" ಎಂದು ಕೂಗುತ್ತಿದ್ದರು. ಎಲ್ಲರೂ ಎಳೆದುಕೊಂಡು ಕೆಮ್ಮುತ್ತಿದ್ದರು. ಆಮೇಲೆ ಕೊರಳಿನ ಸೀಟಿ ತೆಗೆದು, ಅದರೊಳಗಿನ ಉಗುಳನ್ನು ಒಮ್ಮೆ ಒದರಿ, ನನ್ನ ಕೈಗೆ ಕೊಡುತ್ತಿದ್ದರು. ಓಟ ಶುರುಮಾಡಿಸುವುದು, ಫೋನಿನಲ್ಲಿ ಸಮಯ ನೋಡುವುದು ನನ್ನ ಕೆಲಸ. ದುಪಟ್ಟಾದ ಅಂಚಿನಿಂದ ಸೀಟಿಯನ್ನು ಒರೆಸುತ್ತಿದ್ದೆ. "ಯಾಕವಾ, ಮಾಮಾನ ಎಂಜಲು ಹೇಸಿಗಿ ಆಕೈತೇನು? ಸಣ್ಣಾಕಿದ್ದಾಗ ನನ್ನ ಗಂಗಾಳದಾಗಿಂದ ಕಸಗೊಂಡು ತಿಂದಾಕಿ!" ಎಂದು ಎಲ್ಲರೆದುರು ನಗುತ್ತಿದ್ದರು.

ಇದನ್ನೂ ಬರೆಯಬೇಕು: ನನಗೆ ಟೈಫಾಯಿಡ್ ಬಂದಾಗ ಹಾಸ್ಟೆಲ್ಲಿಗೆ ದಿನವೂ ಗಂಜಿ ಹೊತ್ತು ತಂದವರು ಅವರೇ, ಎರಡು ಬಸ್ ಬದಲಿಸಿ. ಪಕ್ಕದ ಮನೆಯ ಕುಲಕರ್ಣಿಯವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದು ಈ ಓಟದಿಂದಲೇ. ಬರೀ ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಕುಲಕರ್ಣಿಯವರದು ಭಾರೀ ದೇಹ. ಮೊದಮೊದಲು ಪ್ರತಿ ವಾರ ಅವರೇ ಕೊನೆಗೆ ಬರುತ್ತಿದ್ದರು. ಮೊದಲೇ ಓಡಿ ಮುಗಿಸಿ ನಿಂತ ಮಾಮಾ ಗೇಟಿನಿಂದಲೇ, "ಏನ್ರಿ ಕುಲಕರ್ಣಿ, ಮದವಿ ಮೆರವಣಿಗಿ ಹೊಂಟೀರೇನು? ಕುದುರಿ ತರಸಲ್ಯಾ?" ಎಂದು ಕೂಗುವರು. ಕುಲಕರ್ಣಿಯವರು ಬರುವುದನ್ನೇ ಬಿಟ್ಟರು. ಆಗ ಮಾಮಾನಿಗೆ ಒಂದು ಉಪಾಯ ಹೊಳೆಯಿತು. ಅದನ್ನು ಅವರು ತಮ್ಮ ಜೀವಮಾನದ ಅತಿ ದೊಡ್ಡ ಔದಾರ್ಯವೆಂದು ಕೊನೆಯವರೆಗೂ ನಂಬಿದ್ದರು.

"ಇನ್ನ ಮ್ಯಾಲ ನಮ್ಮ ಕ್ಲಬ್ಬಿನ್ಯಾಗ ಯಾರೂ ಲಾಸ್ಟ್ ಬರಂಗಿಲ್ಲ. ಲಾಸ್ಟ್ ಸೀಟು ನಮ್ಮ ಮನಿಯಾಕಿಗೆ ರಿಜರ್ವ್!"

ಹಾಗೆ ನೀಲಾ ಅತ್ತೆ, ಮಾಮಾನ ಹೆಂಡತಿ, ರೈಲಿನ ಗಾರ್ಡಿನಂತೆ ಕೈಯಲ್ಲಿ ಹಸಿರು ಬಾವುಟ ಹಿಡಿದು ಎಲ್ಲರ ಹಿಂದೆ ನಡೆಯತೊಡಗಿದರು. ನಿಯಮ ಒಂದೇ: ಯಾರನ್ನೂ ದಾಟಕೂಡದು. ಮುಂದಿನವರು ನಿಂತರೆ ಅವರೂ ನಿಲ್ಲಬೇಕು, ಕೂತರೆ ಕಾಯಬೇಕು. ಕುಲಕರ್ಣಿಯವರು ಮರಳಿ ಬಂದರು. ಅತ್ತೆ ಗೆರೆ ಮುಟ್ಟಿದ ಮೇಲೆ ಮಾಮಾ ಚಂಡು ಹೂವಿನ ಹಾರವನ್ನು ಅವರ ಕೊರಳಿಗೆ ಹಾಕಿ, "ಈ ವಾರದ ಲಾಸ್ಟ್ ಯಾರು?" ಎಂದು ಕೂಗುವರು. "ಅಕ್ಕಾ!" ಎಂದು ಎಲ್ಲರೂ ಚಪ್ಪಾಳೆ ತಟ್ಟುವರು. ಫೋಟೋ ಗ್ರೂಪಿಗೆ ಹೋಗುವುದು. ಅತ್ತೆ ಹಾರವನ್ನು ಗೇಟಿಗೆ ನೇತುಹಾಕಿ ಒಳಗೆ ಹೋಗಿ ಅಷ್ಟೂ ಜನಕ್ಕೆ ಉಪ್ಪಿಟ್ಟು ಮಾಡುವರು. ತೊಯ್ದ ಚಡ್ಡಿಗಳಲ್ಲೇ ಗಂಡಸರು ಅವರು ಹೆಣೆದ ಸೋಫಾ ಕವರಿನ ಮೇಲೆ ಕೂತು ತಿನ್ನುವರು. ಆ ಹೊತ್ತಿಗೆ ಆ ಕೋಣೆಯೊಳಗೆ ಕಾಲಿಡಲು ನನಗೆ ಆಗುತ್ತಿರಲಿಲ್ಲ; ಬಾಗಿಲಲ್ಲೇ ನಿಂತಿರುತ್ತಿದ್ದೆ.

ಮತ್ತೊಂದು ಪದ್ಧತಿಯನ್ನು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂತು. ಹಿಂದೆ ಅತ್ತೆ ಬರುತ್ತಾರಲ್ಲ ಎಂದು ಓಡುವವರು ಗ್ಲುಕೋಸ್ ಕುಡಿದ ಕಾಗದದ ಲೋಟ, ಬಾಳೆಹಣ್ಣಿನ ಸಿಪ್ಪೆ, ಮೂಗೊರೆಸಿದ ಟಿಶ್ಯೂ ಎಲ್ಲವನ್ನೂ ರಸ್ತೆಯಲ್ಲೇ ಬಿಸಾಡತೊಡಗಿದರು. ಅತ್ತೆ ಬಗ್ಗಿ ಬಗ್ಗಿ ಚೀಲ ತುಂಬುತ್ತ ಬರುವರು. ಒಮ್ಮೆ ಗಚ್ಚಿಬೌಲಿಯ ಹೊಸ ಹುಡುಗಿಯೊಬ್ಬಳು, "ಮೇಡಂ ಪರಿಗೆತ್ತರಾ ಸಾರ್?" ಎಂದು ಕೇಳಿದಳು. ಮೇಡಂ ಓಡುವುದಿಲ್ಲವೇ ಎಂದು.

ಮಾಮಾ ಅವಳಿಗೆ ತೆಲುಗಿನಲ್ಲಿ ಏನೋ ಹೇಳಿ ನಗಿಸಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಅಂದರು: "ಈಕಿ ಓಡಿದ್ರ ನನ್ನ ರೊಟ್ಟಿ ಯಾರ್ ಬಡೀಬೇಕ್ರೀ?" ಕುಲಕರ್ಣಿಯವರು ಉಪ್ಪಿಟ್ಟು ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಅತ್ತೆ ನಕ್ಕರೋ ಇಲ್ಲವೋ ನೆನಪಿಲ್ಲ. ನೆನಪಿಲ್ಲ ಎಂದರೆ ಬಹುಶಃ ಯಾರೂ ನೋಡಲಿಲ್ಲ ಎಂದರ್ಥ.

ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆಯೇ ಧಗೆ. ಗಚ್ಚಿಬೌಲಿಯ ಹುಡುಗರನ್ನು ಹಿಂದೆ ಹಾಕಿಯೇ ಬರುತ್ತೇನೆಂದು ಮಾಮಾ ಹಿಂದಿನ ದಿನದಿಂದ ಪಣ ತೊಟ್ಟಿದ್ದರು. ನಾನು ಸೀಟಿ ಊದಿದೆ. ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಕುಲಕರ್ಣಿಯವರೂ ಬಂದರು. ಮಾಮಾ ಬರಲಿಲ್ಲ; ದಾರಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದಾರೆಂದುಕೊಂಡು ಎಲ್ಲರೂ ಅವರನ್ನು ದಾಟಿ ಬಂದಿದ್ದರು. ರಸ್ತೆ ಖಾಲಿಯಿತ್ತು.

ಆಗ ತಿರುವಿನಲ್ಲಿ ಅತ್ತೆ ಕಾಣಿಸಿಕೊಂಡರು. ಓಡುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಚಪ್ಪಲಿ ಕೈಯಲ್ಲಿತ್ತು, ಚೀಲ ಇರಲಿಲ್ಲ. ನಾನು ಆ ಗೆರೆಯ ಬಳಿ ನಿಂತು ಎಷ್ಟೋ ಜನರ ಓಟ ನೋಡಿದ್ದೆ. ಬಾಯಿ ತೆರೆದು, ಉಗುಳುತ್ತ, ಏದುತ್ತ, ಪಾದ ಬಡಿಯುತ್ತ ಬರುವವರನ್ನೇ ನೋಡಿದ್ದೆ. ಅತ್ತೆಯ ಪಾದಗಳ ಸದ್ದೇ ಇರಲಿಲ್ಲ. ಕತ್ತು ನೆಟ್ಟಗಿತ್ತು. ಬಾಯಿ ಮುಚ್ಚಿತ್ತು. ಎಲ್ಲರೂ ತಮಾಷೆಯೆಂದುಕೊಂಡು ಶಿಳ್ಳೆ ಹೊಡೆದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನನಗೆ ಕಾಣುವುದು ಹೀಗೆ: ಅತ್ತೆ ಗೆರೆ ದಾಟಿದರು, ನಲ್ಲಿಯ ಬಳಿ ಹೋದರು, ಮುಖ ತೊಳೆದರು, ಬೊಗಸೆಯಲ್ಲಿ ನೀರು ಕುಡಿದರು, ಸೆರಗು ಬಿಚ್ಚಿ ಹೊದ್ದರು. ಆಮೇಲೆ ಹೇಳಿದರು: "ನಿಮ್ಮ ಮಾಮಾ ಮೋರಿ ಮ್ಯಾಲ ಕುಂತಾರ. ಎದಿ ಹಿಡಕೊಂಡಾರ." ಕುಲಕರ್ಣಿಯವರು ಹೇಳುವುದೇ ಬೇರೆ. ಅತ್ತೆ ತಿರುವಿನಿಂದಲೇ ಕೂಗುತ್ತ ಬಂದರು, ಶಿಳ್ಳೆಯಲ್ಲಿ ಕೇಳಿಸಲಿಲ್ಲ ಎನ್ನುತ್ತಾರೆ ಅವರು.

ಕಾರು ಓಡಿಸಿಕೊಂಡು ಹೋಗಿ ಮಾಮಾನನ್ನು ಆಸ್ಪತ್ರೆಗೆ ಸೇರಿಸಿದೆವು. ಹೃದಯಕ್ಕೆ ಏನೂ ಆಗಿರಲಿಲ್ಲ; ಬಿಸಿಲಿಗೆ ಮೈಯಲ್ಲಿ ನೀರು ಬತ್ತಿತ್ತು. ಮಧ್ಯಾಹ್ನ ಮನೆಗೆ ಬಂದಾಗ ಆ ವಾರಕ್ಕೆಂದು ತಂದಿದ್ದ ಹಾರ, ಯಾರ ಕೊರಳಿಗೂ ಬೀಳದೆ, ಇನ್ನೂ ಗೇಟಿನಲ್ಲಿ ಬಾಡುತ್ತ ನೇತಾಡುತ್ತಿತ್ತು.

"ಇದನ್ನ ಯಾರಿಗೆ ಇಟ್ಟೀರಿ?" ಎಂದರು ಮಾಮಾ.

"ಲಾಸ್ಟ್ ಬಂದವ್ರಿಗೆ ಅಲ್ಲೇನ್ರೀ," ಎಂದರು ಅತ್ತೆ, ಬಾಗಿಲ ಬೀಗ ತೆಗೆಯುತ್ತ.

ಮಾಮಾ ಹಾರವನ್ನು ಕಿತ್ತು ಚರಂಡಿಗೆ ಎಸೆದರು. ಮುಂದಿನ ಭಾನುವಾರದ ಹೊತ್ತಿಗೆ ಅವರ ಕಥೆ ಸಿದ್ಧವಾಗಿತ್ತು: "ನಾ ಅಲ್ಲಿ ಸಾಯಾಕತ್ತೀನಿ, ಈಕಿ ಮೆಡಲ್ ಹೊಡ್ಯಾಕ ಓಡಾಕತ್ತಾಳ!" ಎಲ್ಲರೂ ನಕ್ಕರು. ಅದನ್ನು ಅವರು ಪ್ರತಿ ವಾರ ಹೇಳಿದರು, ಹೊಸಬರು ಬಂದಾಗಲೆಲ್ಲ ಹೇಳಿದರು. ಹಾಗೆ ಹೇಳುವಾಗ ಉಪ್ಪಿಟ್ಟು ಬಡಿಸುತ್ತಿದ್ದ ಅತ್ತೆಯ ಕೈ ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದರು. ಹಸಿರು ಬಾವುಟ ಮತ್ತೆ ಅತ್ತೆಯ ಕೈಗೇ ಬಂದಿತ್ತು. ಎಂ.ಎ. ಮುಗಿಯುವ ಮೊದಲೇ ನಾನು ಶನಿವಾರ ಹೋಗುವುದನ್ನು ಬಿಟ್ಟೆ. ಓದು ಬಹಳವಿದೆ ಎಂದು ಹೇಳಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಮಾಮಾ ನಿದ್ದೆಯಲ್ಲೇ ತೀರಿಕೊಂಡರು. ಕ್ಲಬ್ಬಿನವರು ಅವರ ನೆನಪಿಗೆ ಒಂದು ಓಟ ಇಟ್ಟರು. ಈಗ ಅದೇ ನಗರದ ನಾರಾಯಣಗೂಡದ ಕಾಲೇಜಿನಲ್ಲಿ ಪಾಠ ಹೇಳುವ ನಾನೂ ಹೋದೆ. ಗೆರೆಯ ಪಕ್ಕದ ಕುರ್ಚಿಯ ಮೇಲೆ ಮಾಮಾನ ಫೋಟೋ, ಅದಕ್ಕೆ ಅಂಥದೇ ಚಂಡು ಹೂವಿನ ಹಾರ. ಕುಲಕರ್ಣಿಯವರು ಕಣ್ಣೊರೆಸಿಕೊಂಡು, "ಯಾರನ್ನೂ ಹಿಂದ ಬಿಡಲಾರದ ಮನಷ್ಯಾ ನೋಡ್ರೀ," ಎಂದರು. ನಾನು ದುಪಟ್ಟಾದ ಅಂಚನ್ನು ಮೂಗಿಗೆ ಒತ್ತಿ ಮುಖ ತಿರುಗಿಸಿದೆ. ಕಾರ್ಖಾನೆಯ ನಾತದಿಂದಲೂ ಇರಬಹುದು. ಆಮೇಲೆ ಅವರೇ ಹಸಿರು ಬಾವುಟವನ್ನು ತಂದು ಅತ್ತೆಯ ಮುಂದೆ ಹಿಡಿದು, "ನೀವಿಲ್ಲಂದ್ರ ನಮ್ಮ ಓಟ ಮುಗ್ಯಂಗಿಲ್ರೀ ಅಕ್ಕಾ," ಎಂದರು.

ಅತ್ತೆ ತೆಗೆದುಕೊಂಡರು. ಬೇಡವೆನ್ನುತ್ತಾರೆಂದು ಕಾದಿದ್ದ ನನಗೆ ಅವರ ಮೇಲೂ ಸಿಟ್ಟು ಬಂತು. ಆದರೂ ಜೊತೆಗೆ ನಡೆದೆ. ಮುಂದಿನವರೆಲ್ಲ ದೂರವಾದರು. ರಸ್ತೆಯ ತುಂಬ ಒದ್ದೆ ಲೋಟಗಳು. ಅತ್ತೆ ಒಂದನ್ನೂ ಎತ್ತಲಿಲ್ಲ; ಅದನ್ನು ಗಮನಿಸಿದ್ದು ನಾನು ಮೋರಿಯ ಹತ್ತಿರ ಬಂದ ಮೇಲೆ. ಅಲ್ಲಿ ಅವರು ನಿಂತರು. ಚಪ್ಪಲಿಯಿಂದ ಒಂದು ಕಾಲು ಹೊರಗೆ ತೆಗೆದು ಬೆರಳುಗಳನ್ನು ಬಿಡಿಸಿ, ಡಾಂಬರಿನ ಮೇಲೆ ಊರಿದರು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಆಗ ಕೇಳಿಬಿಟ್ಟೆ.

"ಅತ್ತಿ, ಅವತ್ತ ನೀವು ನಮ್ಮನ್ನ ಕರಿಯಾಕ ಓಡಿ ಬಂದ್ರೇನ್ರೀ, ಇಲ್ಲಾ ಸುಮ್ನ ಓಡಿದ್ರೇನು?"